ಗಂಡಸರು ಮುಟ್ಟದ ಕಲ್ಲು

ನಮ್ಮ ಮನೆಯಲ್ಲಿ ಗಂಡಸರು ಮುಟ್ಟದ ವಸ್ತು ಒಂದೇ ಒಂದಿತ್ತು. ಅದು ಒಂದು ಕಲ್ಲು. ಎತ್ತು, ನೇಗಿಲು, ದೇವರ ಜಗಲಿ, ಸಂತೆಯ ಚೀಲ ಎಲ್ಲವೂ ಅಪ್ಪನವೇ. ಈ ಕಲ್ಲಿನ ಕಡೆಗೆ ಮಾತ್ರ ಅಪ್ಪ ತಲೆ ಹಾಕುತ್ತಿರಲಿಲ್ಲ. ಬೆಟಗೇರಿ ಸೀರೆಯ ಹಳೆಯ ತುಂಡಿನಲ್ಲಿ ಸುತ್ತಿ, ಒಳಕೋಣೆಯ ಗೋಡೆಯ ಗೂಡಿನಲ್ಲಿ ಅವ್ವ ಅದನ್ನು ಇಟ್ಟಿದ್ದಳು. ಅಂಗೈಯಲ್ಲಿ ಕೂಡುವಷ್ಟು ದೊಡ್ಡದು. ಒಂದು ತುದಿ ಗುಂಡಗೆ ದಪ್ಪ, ಇನ್ನೊಂದು ತುದಿ ತೆಳ್ಳಗೆ. ಬಣ್ಣ ಹಸಿರೋ ಕಪ್ಪೋ ಹೇಳಲಾಗದು. ಎಷ್ಟೋ ಕೈಗಳ ಬೆವರು, ಎಷ್ಟೋ ವರ್ಷಗಳ ಕುಸುಬಿ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು.

ಸಿಡಿಲು ಹೊಡೆದಾಗ ಮುಗಿಲಿನಿಂದ ಬಿದ್ದದ್ದು ಎಂದು ಓಣಿಯವರೆಲ್ಲ ನಂಬಿದ್ದರು. ಹೆಸರೇ ಸಿಡಿಲಗಲ್ಲು. ಅವ್ವನ ತವರು ಸಿಂಗಟಾಲೂರು. ಅವಳ ಅಜ್ಜಿಯೋ ಮುತ್ತಜ್ಜಿಯೋ ಹೊಳೆಗೆ ಬಟ್ಟೆ ಒಗೆಯಲು ಹೋದಾಗ ದಂಡೆಯಲ್ಲಿ ಸಿಕ್ಕಿತಂತೆ. ತಾಯಿಯಿಂದ ಮಗಳಿಗೆ ಬರುತ್ತ ಬರುತ್ತ ಅದು ಅವ್ವನ ಕೈಸೇರಿ, ಅವಳ ಮದುವೆಯಾದ ಮೇಲೆ ಕಪ್ಪತಗುಡ್ಡದ ಮಗ್ಗುಲಲ್ಲಿದ್ದ ನಮ್ಮ ಹಳ್ಳಿಗೆ ಬಂತು. ಮುಂದೆ ನನಗೆ ಬರಬೇಕಾಗಿತ್ತು.

ಅದರ ಕೆಲಸ ಒಂದೇ. ಓಣಿಯಲ್ಲಿ ಯಾರಿಗಾದರೂ ಹೆರಿಗೆಯ ಬೇನೆ ಶುರುವಾದರೆ ಆ ಮನೆಯ ಹೆಂಗಸೊಬ್ಬಳು ಓಡಿ ಬಂದು ನಮ್ಮ ಬಾಗಿಲಲ್ಲಿ ಸೆರಗೊಡ್ಡಿ ನಿಲ್ಲುತ್ತಿದ್ದಳು. ಅವ್ವ ಒಂದು ಮಾತೂ ಕೇಳದೆ ಗಂಟು ತಂದು ಸೆರಗಿಗೆ ಹಾಕುತ್ತಿದ್ದಳು. ಹೆರುವವಳು ಕಲ್ಲನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು, ಬೇನೆ ಬಂದಾಗಲೆಲ್ಲ ಬಿಗಿಯಬೇಕು. ಕೂಸು ಹುಟ್ಟಿ ಐದನೆಯ ದಿನದ ಪೂಜೆ ಮುಗಿದ ಮೇಲೆ ಕಲ್ಲಿಗೂ ನೀರೆರೆದು, ಎಣ್ಣೆ ಹಚ್ಚಿ, ಒಂದು ಉಂಡೆ ಬೆಲ್ಲದ ಜೊತೆ ತಿರುಗಿ ತಂದುಕೊಡುವುದು ಪದ್ಧತಿ. ನಾವು ನೀರು ಕುಡಿಯದ ಮನೆಗಳಿಗೂ ಅದು ಹೋಗಿ ಬರುತ್ತಿತ್ತು. ಬೆಲ್ಲ ಯಾರ ಮನೆಯದೆಂದು ಅವ್ವ ಹೇಳುತ್ತಿರಲಿಲ್ಲ, ನಾನು ಕೇಳದೆ ತಿನ್ನುತ್ತಿದ್ದೆ. ಗಂಡಸರಷ್ಟೇ ಅಲ್ಲ, ಮದುವೆಯಾಗದ ಹುಡುಗಿಯರೂ ಕಲ್ಲನ್ನು ಮುಟ್ಟುವ ಹಾಗಿರಲಿಲ್ಲ.

ಅವ್ವನ ನಂಬಿಕೆ ಸುಮ್ಮನೆ ಬಂದದ್ದಲ್ಲ. ನನಗಿಂತ ಮುಂಚೆ ಅವಳಿಗೊಂದು ಗಂಡುಕೂಸು ಹುಟ್ಟಿ, ಅತ್ತಿತೋ ಇಲ್ಲವೋ ಎನ್ನುವಷ್ಟರಲ್ಲಿ ಹೋಗಿತ್ತು. ಆ ಹೊತ್ತಿಗೆ ಕಲ್ಲು ಮನೆಯಲ್ಲಿರಲಿಲ್ಲ. ಅವಳ ತಂಗಿಯ ಹೆರಿಗೆಗೆಂದು ಸೊರಟೂರಿಗೆ ಹೋಗಿತ್ತು. ನಾನು ಹುಟ್ಟುವಾಗ ಕಲ್ಲಿತ್ತು, ನಾನು ಉಳಿದೆ. ಅವ್ವನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾಗಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಹೇಳುತ್ತೇನೆ, ಕೇಳಿ.

ನಾನು ಆಗ ಐದನೆಯ ಇಯತ್ತೆ. ಸ್ವರಾಜ್ಯ ಬಂದು ಕೆಲವು ವರ್ಷವಾಗಿತ್ತು. ಶಾಲೆಯ ಮುಂದಿನ ಧ್ವಜದ ಕಟ್ಟೆ ಹೊಸದು, ಗೋಡೆಯ ಮೇಲಿನ ನಕಾಶೆ ಮಾತ್ರ ಹಳೆಯದೇ. ನಾವಿದ್ದದ್ದು ಮುಂಬಯಿಗೆ ಸೇರಿದ ಸೀಮೆ, ಹೊಳೆ ದಾಟಿದರೆ ಮದ್ರಾಸು, ಮೂಡಣಕ್ಕೆ ನಡೆದರೆ ಹೈದರಾಬಾದು. ಲಕ್ಷ್ಮೇಶ್ವರದ ಕಡೆಯಿಂದ ಬಂದಿದ್ದ ನಮ್ಮ ಮಾಸ್ತರರು ಆ ಗೆರೆಗಳ ಮೇಲೆ ಬೆತ್ತ ಆಡಿಸಿ, ಇವೆಲ್ಲ ಒಂದು ದಿನ ಅಳಿಸಿಹೋಗುತ್ತವೆ ಎನ್ನುತ್ತಿದ್ದರು. ಅವರಿಗೆ ಎರಡು ಹುಚ್ಚು. ಒಂದು ಕರ್ನಾಟಕ, ಇನ್ನೊಂದು ಆದಿಮಾನವ.

ಆದಿಮಾನವನ ಪಾಠ ಶುರುವಾದರೆ ಅವರಿಗೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಮೈತುಂಬ ಕೂದಲು, ಗವಿಯಲ್ಲಿ ವಾಸ, ಹಸಿಮಾಂಸ, ಹುಲಿಯ ಹೆದರಿಕೆ, ಕಲ್ಲಿಗೆ ಕಲ್ಲು ತಿಕ್ಕಿ ಕಂಡುಕೊಂಡ ಬೆಂಕಿ. ಉಗುರಿಲ್ಲ, ಕೋರೆಹಲ್ಲಿಲ್ಲ, ಓಡಿದರೆ ಮೊಲವೂ ಸಿಗದು, ಅಂಥ ಬಡಪಾಯಿ ಹೇಗೆ ಉಳಿದ ಎಂದು ಕೇಳಿ ನಮ್ಮ ಮುಖ ನೋಡುತ್ತಿದ್ದರು. ಆಮೇಲೆ ತಾವೇ ಉತ್ತರ ಹೇಳುತ್ತಿದ್ದರು: ಕೈಯಲ್ಲಿ ಕಲ್ಲು ಹಿಡಿದ, ಉಳಿದ. ಆಗೆಲ್ಲ ನಮ್ಮ ಗೂಡಿನ ಕಲ್ಲು ನನ್ನ ಕಣ್ಣಮುಂದೆ ಬರುತ್ತಿತ್ತು.

ನಾನು ಆ ಪಾಠವನ್ನು ಹಾಗೆಯೇ ಒಲೆಯ ಮುಂದೆ ಒಪ್ಪಿಸಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಏಳು ತಿಂಗಳ ಬಸುರಿ. ಬೇಟೆ ಸಿಗದ ದಿನ ಏನು ತಿಂದರಂತೆ ಎಂದು ಕೇಳಿದಳು. ಮಾಸ್ತರರು ಅದನ್ನು ಹೇಳಿಕೊಟ್ಟಿರಲಿಲ್ಲ. ತಿಂದೇ ಇರುತ್ತಾರೆ, ಹೆಂಗಸರು ಹೋಗಿ ಬದುವಿನ ಹಕ್ಕರಕಿ ಸೊಪ್ಪು ಕಿತ್ತುಕೊಂಡು ಬಂದಿರುತ್ತಾರೆ, ಗುಡ್ಡದ ಕವಳಿಹಣ್ಣು ಆರಿಸಿರುತ್ತಾರೆ, ಗಡ್ಡೆ ಅಗೆದಿರುತ್ತಾರೆ ಎಂದು ತಾನೇ ಹೇಳಿದಳು. ಹೋದವಾರವಷ್ಟೇ ಅವಳೂ ಮಡಿಲು ತುಂಬ ಹಕ್ಕರಕಿ ತಂದಿದ್ದಳು. ಬೆಂಕಿಯ ಮಾತಿಗಂತೂ ಅವಳಿಗೆ ನಗು ಬಂತು. ನಮ್ಮ ಓಣಿಯಲ್ಲಿ ಕಡ್ಡಿಪೆಟ್ಟಿಗೆ ಎಂದರೆ ಹಬ್ಬಕ್ಕೆ ಬರುವ ನೆಂಟರಷ್ಟು ಅಪರೂಪ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಆರಿಹೋದರೆ ಸಗಣಿಯ ಕುಳ್ಳಿನ ತುಂಡು ಹಿಡಿದು ಪಕ್ಕದ ಮನೆಗೆ ಹೋಗುವುದು.

"ಬೆಂಕಿ ಹಚ್ಚೋದು ಏನ್ ದೊಡ್ಡ ಮಾತಲ್ಲ ತಂಗಿ, ಆರದ್ಹಂಗ ಇಡೋದು ದೊಡ್ಡದು," ಎಂದಳು. "ನಿಮ್ಮ ಮಾಸ್ತರ್ರಿಗೆ ಒಲಿ ಮುಂದ ಕುಂಡ್ರಾಕ ಹೇಳು."

ನನಗೆ ಸಿಟ್ಟು ಬಂತು. ಪಾಠ ಓದಿದವಳು ನಾನು, ಬುದ್ಧಿ ಹೇಳುವವಳು ಇವಳು.

ಮರುದಿನ ಮಾಸ್ತರರು ಆದಿಮಾನವನ ಆಟ ಆಡಿಸಿದರು. ಗಂಡುಹುಡುಗರು ಕೋಲು ಹಿಡಿದು ಬೇಟೆಗೆ ಹೊರಟರು. ಒಬ್ಬ ಹುಲಿಯಾದ, ಒಬ್ಬ ಜಿಂಕೆಯಾದ. ಇಯತ್ತೆಯಲ್ಲಿ ನಾವು ಹುಡುಗಿಯರು ಮೂವರು. ನಮ್ಮನ್ನು ಬೇವಿನ ಗಿಡದ ಬುಡದಲ್ಲಿ ಕೂಡಿಸಿ, ನೀವು ಗವಿಯಲ್ಲಿ ಕೂತಿರ್ರಿ ಎಂದರು. ಕೂತೆವು. ಎಷ್ಟು ಹೊತ್ತು ಕೂಡುವುದು? ಹುಡುಗರು ಕೇಕೆ ಹಾಕಿ ಓಡಾಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯಿತು. ಮೂಗಿನ ತುದಿಯ ಮೇಲೆ ಸಿಟ್ಟು ಹೊತ್ತುಕೊಂಡೇ ಹುಟ್ಟಿದವಳು ನಾನು. ಎದ್ದು ನಿಂತು, ಇವರ ಹತ್ತಿರ ಇರುವುದು ಜಾಲಿಯ ಕೋಲು, ನಮ್ಮ ಮನೆಯಲ್ಲಿ ಖರೇ ಆದಿಮಾನವರ ಕಲ್ಲೇ ಇದೆ ಎಂದುಬಿಟ್ಟೆ. ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ಹೊಳೆದಂಡೆಯಲ್ಲಿ ಇಂಥ ಕಲ್ಲುಗಳನ್ನೇ ಹುಡುಕುತ್ತಿರುವ ಸರಕಾರದ ಸಾಹೇಬರೊಬ್ಬರು ಶನಿವಾರ ಶಾಲೆಗೆ ಬರುವವರಿದ್ದಾರೆ, ಅಂದು ತೆಗೆದುಕೊಂಡು ಬಾ ಎಂದರು.

ತೋರಿಸಿ ತಿರುಗಿ ತರುವುದು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಶನಿವಾರ ಅವ್ವ ನೀರಿಗೆ ಹೋದಾಗ ಗಂಟನ್ನು ಲಂಗದೊಳಗೆ ಸಿಕ್ಕಿಸಿಕೊಂಡು ಓಡಿದೆ. ಸಾಹೇಬರು ಗಂಟು ಬಿಚ್ಚಿ, ಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಇದು ಸಿಡಿಲೂ ಅಲ್ಲ ಗುಡುಗೂ ಅಲ್ಲ, ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಉಜ್ಜಿ ಉಜ್ಜಿ ಮಾಡಿದ ಕೊಡಲಿ, ಇಷ್ಟು ನುಣುಪಾದದ್ದನ್ನು ತಾನು ಕಂಡಿಲ್ಲ ಎಂದರು. ಮಾಸ್ತರರು ಚಪ್ಪಾಳೆ ತಟ್ಟಿಸಿದರು. ನೋಡನೋಡುತ್ತಿದ್ದಂತೆ ಕಲ್ಲು ಅರಳೆ ಹಾಸಿದ ಪೆಟ್ಟಿಗೆಯೊಳಗೆ ಹೋಯಿತು. ಒಂದು ಚೀಟಿಯ ಮೇಲೆ ನನ್ನ ಹೆಸರು ಬರೆಯುತ್ತೇವೆ ಎಂದರು. ಬ್ಯಾಡ್ರಿ, ಅದು ನಮ್ಮವ್ವನದು ಎನ್ನಲು ಒಂದು ಉಸಿರು ಸಾಕಿತ್ತು. ಭಯದಿಂದ ಬಾಯಿ ಬರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅದು ನಿಲ್ಲುವುದು ನನಗೆ ಬೇಕಾಗಿರಲಿಲ್ಲ.

ಮನೆಗೆ ಬರುವಾಗ ದಾರಿಯ ಹಳ್ಳದಲ್ಲಿ ಅಷ್ಟೇ ಗಾತ್ರದ ಕಪ್ಪು ಕಲ್ಲೊಂದನ್ನು ಹುಡುಕಿದೆ. ಎಣ್ಣೆ ಹಚ್ಚಿ, ಅದೇ ಬಟ್ಟೆಯಲ್ಲಿ ಸುತ್ತಿ, ಗೂಡಿನಲ್ಲಿಟ್ಟೆ. ಸೋಮವಾರ ಧೈರ್ಯ ಮಾಡಿ, ಅವ್ವನಿಗೆ ಹೇಳದೆ ತಂದದ್ದೆಂದು ಮಾಸ್ತರರಿಗೆ ನಿಜ ಹೇಳಿದೆ. ಅವರ ಮುಖ ಸಣ್ಣಗಾಯಿತು. ಸಾಹೇಬರು ಆಗಲೇ ಗದಗಿಗೆ ಹೋಗಿ ಪುಣೆಯ ರೈಲು ಹತ್ತಿಯಾಗಿತ್ತು. ಮಾಸ್ತರರು ಕಾರ್ಡು ಬರೆದರು. ಉತ್ತರ ಬರಲಿಲ್ಲ.

ಓಣಿಯಲ್ಲಿ ಆಗ ದಿನ ತುಂಬುತ್ತಿದ್ದವಳು ಅವ್ವ ಒಬ್ಬಳೇ. ಅವಳ ಹೊಟ್ಟೆ ನೋಡಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಸೊರಟೂರಿನ ಮಾತು ಯಾರಾದರೂ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದು. ಅವ್ವ ನನಗೆ ದೃಷ್ಟಿಯಾಗಿದೆ ಎಂದು ಉಪ್ಪು ನಿವಾಳಿಸಿದಳು. ಆ ಉಪ್ಪು ಒಲೆಯಲ್ಲಿ ಚಟಚಟ ಅಂದಾಗ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಜೋಳದ ಸುಗ್ಗಿಯ ಒಂದು ಮಧ್ಯಾಹ್ನ ಬೇನೆ ಶುರುವಾಯಿತು. ಅಪ್ಪ ಕಣದಲ್ಲಿದ್ದ. ಸೂಲಗಿತ್ತಿ ಮುದುಕಿ ಬಂದು ಒಳಕೋಣೆ ಸೇರಿದಳು. ನಾನು ಪಡಸಾಲೆಯ ಕಂಬ ಹಿಡಿದು ನಿಂತೆ. ಗೂಡಿನಿಂದ ಗಂಟು ಇಳಿಸುವ ಸಪ್ಪಳ ಕೇಳಿತು. ಗಂಟು ಬಿಚ್ಚಿದರು.

ಅವ್ವ ಕಣ್ಣಿನಿಂದ ನೋಡಲಿಲ್ಲವಂತೆ. ಕಣ್ಣು ಮುಚ್ಚಿ ಮುಷ್ಟಿ ಬಿಗಿದವಳು, ಇದು ಅದಲ್ಲ ಎಂದಳಂತೆ. ಸೂಲಗಿತ್ತಿ ಅದೇ ಅಲ್ಲೇನ ಎಂದರೆ, ಅದು ಕೈಯಲ್ಲಿ ಕೂಡುತ್ತಿತ್ತು, ಇದು ಉರುಳುತ್ತದೆ ಎಂದಳಂತೆ. ಇದನ್ನೆಲ್ಲ ಮುದುಕಿ ಆಮೇಲೆ ನನಗೆ ಹೇಳಿದ್ದು. ನನಗೆ ಕೇಳಿಸಿದ್ದು ಅವ್ವ ನನ್ನ ಹೆಸರು ಕೂಗಿದ್ದೊಂದೇ. ಬಾಗಿಲ ತನಕ ಹೋದೆ. ನನ್ನ ಮುಖ ನೋಡುತ್ತಲೇ ಅವಳಿಗೆ ಎಲ್ಲ ತಿಳಿಯಿತು. ಮದುವೆಯಾಗದ ಹುಡುಗಿ ಒಳಗೆ ಬರಬಾರದೆಂದು ಮುದುಕಿ ಕೈ ಅಡ್ಡ ಹಿಡಿದಳು.

"ಬರ್ಲಿ ಬಿಡು," ಎಂದಳು ಅವ್ವ. "ಕಲ್ಲ ಒಯ್ದಾಕಿ ಆಕಿನ. ಕಲ್ಲಿನ ಕೆಲಸಾನೂ ಆಕಿನ ಮಾಡ್ಲಿ. ಬಾ ಇಲ್ಲೆ, ಕೈ ಕೊಡು."

ನಾನು ಎಡಗೈ ಕೊಟ್ಟೆ. ಯಾಕೆ ಎಡಗೈ ಎಂದರೆ ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದೆ, ಬಿಡಲು ಧೈರ್ಯವಿರಲಿಲ್ಲ. ಬೇನೆ ಬಂದಾಗ ಅವಳು ಹಿಡಿದ ಹಿಡಿತ ಇದೆಯಲ್ಲ, ಅಂಥದ್ದನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಅತ್ತುಬಿಟ್ಟೆ. ನೋವಿಗಲ್ಲ, ಅವಳು ಸಾಯುತ್ತಾಳೆ ಎಂದು. ಎಷ್ಟು ಹೊತ್ತಾಯಿತೋ ತಿಳಿಯದು. ಬಿಸಿಲು ಗೂಡಿನ ತನಕ ಏರಿತು. ಕೂಸು ಅತ್ತಿತು. ಹೆಣ್ಣು. ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಅವ್ವ ಕಣ್ಣು ತೆರೆದು ನನ್ನ ಕೈ ಬಿಟ್ಟಳು. ಕಿರುಬೆರಳು ಆಗಲೇ ಊದಿಕೊಂಡಿತ್ತು. ಎಲುಬು ಮುರಿದದ್ದು ಮೂರು ದಿನದ ಮೇಲೆ ಗೊತ್ತಾಯಿತು. ಅದು ಇಂದಿಗೂ ಸೊಟ್ಟಗೇ ಇದೆ.

ನನಗೆ ಒಂದು ಏಟೂ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು. ಮಾಸ್ತರರು ವಿಷಯ ತಿಳಿದು ಬಂದು ಹೊಸ್ತಿಲಾಚೆ ನಿಂತು ತಪ್ಪಾಯಿತು ಎಂದರು. ಮಾತು ಹೇಗೆ ಮುಂದುವರಿಸುವುದೆಂದು ತಿಳಿಯದೆ, ಆ ಕಲ್ಲನ್ನು ಹಿಂದಿನ ಕಾಲದ ಗಂಡಸು ಮರ ಕಡಿಯಲು ಹೇಗೆ ಮಾಡಿಕೊಂಡನೆಂದು ವಿವರಿಸತೊಡಗಿದರು. ಅವ್ವ ಕೂಸಿಗೆ ಹಾಲು ಕೊಡುತ್ತ, ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿದಳು.

"ಗಂಡಸ ಮಾಡಿದ್ದು ಅಂತ ನಿಮಗ ಯಾರ ಹೇಳಿದ್ರಿ, ಮಾಸ್ತರ್ರ?"

ಮುಂದಿನ ವರ್ಷದ ಪಾಠದಲ್ಲಿ ಮಾಸ್ತರರು, ಕಲ್ಲು ಹಿಡಿದ ಎನ್ನುವ ಬದಲು ಕಲ್ಲು ಹಿಡಿದರು ಎಂದು ಹೇಳಿದ್ದನ್ನು ನಾನು ಕಿಟಕಿಯ ಹೊರಗಿನಿಂದ ಕೇಳಿದ್ದೇನೆ. ಅವರು ಒಳ್ಳೆಯವರು.

ಓಣಿಗೆ ಏನು ಹೇಳುವುದು? ತನ್ನ ಕೈಯಿಂದಲೇ ಕಳೆಯಿತು ಎಂದಳು ಅವ್ವ. ಮುತ್ತಜ್ಜಿಯ ಕಾಲದ್ದನ್ನು ಕಳೆದ ಹೆಣ್ಣು ಎಂದು ಹೆಂಗಸರು ನೀರಿನ ದಾರಿಯಲ್ಲಿ ಆಡಿಕೊಂಡರು. ಅವಳ ಬೆನ್ನ ಹಿಂದೆ ನಾನೂ ಕೊಡ ಹೊತ್ತುಕೊಂಡು ಎಲ್ಲವನ್ನೂ ಕೇಳುತ್ತ ನಡೆದೆ. ಒಂದು ದಿನವೂ ಅವಳು ತಿರುಗಿ ನನ್ನ ಮುಖ ನೋಡಲಿಲ್ಲ, ನೋಡಿದರೆ ಅವರಿಗೆ ತಿಳಿದೀತೆಂದು.

ಆಮೇಲೆ ಎರಡು ತಿಂಗಳಿಗೆ ಪಕ್ಕದ ಮನೆಯ ಸೊಸೆಗೆ ಬೇನೆ ಬಂತು. ಅವಳ ಅತ್ತೆ, ಕಲ್ಲಿಲ್ಲವೆಂದು ಗೊತ್ತಿದ್ದರೂ ರೂಢಿಯ ಕಾಲು ಎಳೆದು ತಂದಿತೋ ಏನೋ, ಬಂದು ನಮ್ಮ ಬಾಗಿಲಲ್ಲಿ ಸೆರಗೊಡ್ಡಿ ನಿಂತಳು. ಅವ್ವನೂ ರೂಢಿಯಂತೆ ಒಳಗೆ ಹೋದಳು. ಬರಿಗೈಯಲ್ಲಿ ಬಂದಳು. ಆಮೇಲೆ ಅವ್ವ ತೊಟ್ಟಿಲಿನ ಹಗ್ಗ ನನ್ನ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಆ ಅತ್ತೆಯ ಹಿಂದೆ ತಾನೇ ನಡೆದಳು. ಸಂಜೆ ಬಂದಾಗ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಐದನೆಯ ದಿನ ಬೆಲ್ಲ ಬಂತು, ಎಣ್ಣೆಯ ಬಟ್ಟಲೂ ಬಂತು. ಆ ಅತ್ತೆ ನಮ್ಮ ಪಡಸಾಲೆಯಲ್ಲಿ ಕೂತು ಅವ್ವನ ಕೈಗೆ ಎಣ್ಣೆ ತಿಕ್ಕಿ ಹೋದಳು. ಅಂದಿನಿಂದ ಅದೇ ಪದ್ಧತಿಯಾಯಿತು.

ಏಕೀಕರಣವಾದಾಗ ನಾನು ಗದಗಿನಲ್ಲಿ ಮಾಸ್ತರಿಕೆ ಕಲಿಯುತ್ತಿದ್ದೆ. ಊರಿಗೆ ಬಂದೆ. ಮಾಸ್ತರರು ಹಳೆಯ ನಕಾಶೆ ಇಳಿಸಿ ಮಕ್ಕಳಿಗೆಲ್ಲ ಸಕ್ಕರೆ ಹಂಚಿದರು, ಅವರ ಕಣ್ಣು ಒದ್ದೆಯಾಗಿತ್ತು. ನಾನೂ ಕುಣಿಯುತ್ತ ಮನೆಗೆ ಹೋಗಿ ಅವ್ವನ ಬಾಯಿಗೆ ಸಕ್ಕರೆ ಹಾಕಿದೆ. ಚಪ್ಪರಿಸಿದಳು.

"ನಿಮ್ಮ ಕರ್ನಾಟಕ ಆತಲ್ಲ," ಎಂದಳು. "ಈಗರೆ ನನ್ನ ಕಲ್ಲ ತಿರಗಿ ಕೊಡಸು."

ಅಷ್ಟು ವರ್ಷಗಳಲ್ಲಿ ಅವಳು ಅದರ ಹೆಸರೆತ್ತಿದ್ದು ಅದೇ ಮೊದಲು. ಅಂದು ರಾತ್ರಿಯೇ ಅರ್ಜಿ ಬರೆದೆ. ಶಿರಹಟ್ಟಿಯಲ್ಲಿ ನೌಕರಿ ಸಿಕ್ಕ ಮೇಲೂ ಬರೆದೆ. ಒಂದು ಕಚೇರಿ ಇನ್ನೊಂದನ್ನು ತೋರಿಸಿತು. ವಸ್ತು ಈ ರಾಜ್ಯಕ್ಕೆ ಬಂದಿದೆ, ಕಾಗದ ಆ ರಾಜ್ಯದಲ್ಲಿ ಉಳಿದಿದೆ ಎಂದಿತು ಒಂದು ಉತ್ತರ. ನಿಮ್ಮದೆನ್ನಲು ಪುರಾವೆ ಕಳಿಸಿ ಎಂದಿತು ಇನ್ನೊಂದು. ಸೊಟ್ಟ ಬೆರಳನ್ನು ಲಕೋಟೆಯಲ್ಲಿ ಹಾಕಲು ಬರುವುದಿಲ್ಲವಲ್ಲ!

ನನ್ನ ಮೊದಲ ಹೆರಿಗೆಗೆ ತವರಿಗೆ ಬಂದೆ. ಅದೇ ಒಳಕೋಣೆ, ಬರಿದಾದ ಅದೇ ಗೂಡು. ಅವ್ವ ಕೇಳದೆಯೇ ತನ್ನ ಬಲಗೈಯನ್ನು ನನ್ನ ಬಲಗೈಗೆ ಕೊಟ್ಟಳು. ಎಷ್ಟು ಬಿಗಿದೆನೋ ದೇವರಿಗೇ ಗೊತ್ತು. ಎಲ್ಲ ಮುಗಿದ ಮೇಲೆ ನೋಡಿದರೆ ಅವಳ ಬೆರಳ ಗೆಣ್ಣುಗಳು ನೀಲಿಯಾಗಿದ್ದವು. ನೋವಾಯಿತೇನವ್ವಾ ಎಂದು ಕೇಳಿದೆ.

"ಕಲ್ಲಿಗೆ ಎಲ್ಲೆರೆ ನೋವ ಆಗತೈತೇನ, ಹುಚ್ಚಿ," ಎಂದಳು.

ಅಂದು ನಾನು ತಪ್ಪಾಯಿತು ಎನ್ನಬೇಕಿತ್ತು. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ನಿದ್ದೆ ಹೋದೆ.

ಅವ್ವ ತೀರಿಕೊಂಡು ಎರಡು ವರ್ಷವಾದ ಮೇಲೆ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಊರಲ್ಲಿ ಒಂದು ವಸ್ತುಸಂಗ್ರಹಾಲಯ ನೋಡಿದೆ. ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಕಲ್ಲು. ಕೆಳಗೆ ಒಂದು ಚೀಟಿ: ಕಲ್ಲಿನ ಕೊಡಲಿಗಳು, ತುಂಗಭದ್ರೆಯ ದಂಡೆ. ಯಾರ ಹೆಸರೂ ಇರಲಿಲ್ಲ. ನನ್ನ ಹೆಸರು ಇರಲಿಲ್ಲವೆಂದು ಖರೇನೇ ಸಮಾಧಾನವಾಯಿತು. ಕಾವಲಿನವನಿಗೆ ನನ್ನ ಕಥೆಯೆಲ್ಲ ಹೇಳಿದೆ. ಮೊದಲು ಆಗದು ಎಂದ. ನನ್ನ ಮುಖದಲ್ಲಿ ಏನು ಕಂಡನೋ, ಆಮೇಲೆ ಅತ್ತಿತ್ತ ನೋಡಿ ಬೀಗ ತೆಗೆದು, ಯಾವುದು ನಿಮ್ಮದು ಜಲ್ದಿ ಹೇಳ್ರಿ ಎಂದ.

ಕಣ್ಣಿನಿಂದ ತಿಳಿಯಲಿಲ್ಲ. ಅವ್ವನ ಹಾಗೆ ಕಣ್ಣು ಮುಚ್ಚಿ ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದೆ. ಮೊದಲನೆಯದು ಕೂಡಿತು. ಎರಡನೆಯದೂ ಕೂಡಿತು. ಹನ್ನೊಂದೂ ನನ್ನ ಕೈಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂಡಿದವು. ಯಾರ ಯಾರ ಅವ್ವಂದಿರು ಹಿಡಿದವೋ, ಯಾವ ಗವಿಯ ಕತ್ತಲಲ್ಲಿ ಹಿಡಿದವೋ. ನಮ್ಮದು ಯಾವುದೆಂದು ಅವಳೊಬ್ಬಳಿಗೆ ತಿಳಿಯುತ್ತಿತ್ತು. ಅದನ್ನು ಹಿಡಿದು ಹೆರುವ ಭಾಗ್ಯವನ್ನು ನಾನೇ ಹನ್ನೆರಡನೆಯ ವಯಸ್ಸಿಗೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದೆ. ನನಗೆ ಗುರುತಿದ್ದದ್ದು ಕಲ್ಲಲ್ಲ, ಅವಳ ಕೈ.

"ಇದರಾಗ ನಮ್ಮವ್ವಂದು ಇಲ್ಲಪ್ಪ," ಎಂದೆ. ಅವನು ಬೀಗ ಹಾಕಿಕೊಂಡ.

ಹೊರಗೆ ಮಕ್ಕಳು ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು. ನಾನು ಮೆಟ್ಟಿಲ ಮೇಲೆ ಕೂತು, ಬಲಗೈಯಿಂದ ಎಡಗೈಯ ಸೊಟ್ಟ ಬೆರಳನ್ನು ಹಿಡಿದುಕೊಂಡೆ. ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಅವ್ವ ಹಿಡಿದಷ್ಟು ಗಟ್ಟಿಯಾಗಿ ಹಿಡಿಯಲು ನನ್ನಿಂದ ಆಗಲಿಲ್ಲ.